ಹಳದಿ ಹಾಳೆಯ ಆರನೇ ಮಾತ್ರೆ

ವರ್ನಾ ಸ್ಲಸ್ ನೆಲಮಾಳಿಗೆಯ ಮೆಟ್ಟಿಲಿನ ಬುಡದಲ್ಲಿ ಬಿದ್ದಿದ್ದಳು. ಒಂದು ಚಪ್ಪಲಿ ಮೇಲಿನ ಮೆಟ್ಟಿಲಲ್ಲೇ ಉಳಿದಿತ್ತು. ಕುತ್ತಿಗೆ ತಿರುಗಬಾರದ ಕಡೆಗೆ ತಿರುಗಿತ್ತು. ನಾನು ನಲವತ್ತೆರಡು ವರ್ಷ ಔಷಧದ ಅಂಗಡಿ ನಡೆಸಿದವನು. ನಾಡಿ ಹಿಡಿಯುವ ಅಗತ್ಯವೇ ಇರಲಿಲ್ಲ. ಆದರೂ ಹಿಡಿದೆ. ಕೈ ತಣ್ಣಗಿತ್ತು.

ಅವಳ ಗಂಡ ಎಮ್ಮೆಟ್ ಮೆಟ್ಟಿಲ ಮೇಲ್ತುದಿಯಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಶ್ವಾಸಕೋಶದ ಕ್ಯಾನ್ಸರ್ ರೋಗಿ. ಉಸಿರು ಸಿಳ್ಳೆಯಂತೆ ಕೇಳುತ್ತಿತ್ತು.

"ಡಾಕ್, ಎಬ್ಬಿಸೋ ಅವಳನ್ನ."

"ಎಮ್ಮೆಟ್, ನೀನು ಹೋಗಿ ಕೂತ್ಕೋ."

"ಕೂತ್ಕೊಳ್ಳೋಕೆ ಹೇಳ್ಬೇಡ ಕಣೋ. ಎಬ್ಬಿಸು ಅಂದೆ."

ನಾನು ಡಾಕ್ಟರಲ್ಲ. ಹೆಸರು ಕ್ಲೈಡ್ ವರ್ಗಾ. ಒಹಾಯೊ ನದಿ ದಂಡೆಯ ನಮ್ಮ ಟಕರ್ಸ್ ಬೆಂಡ್‌ನಲ್ಲಿ ಔಷಧ ಕೊಡುವವನಿಗೆಲ್ಲ 'ಡಾಕ್' ಅನ್ನುವುದು ರೂಢಿ. ಅಂಗಡಿ ಮಾರಿ ಹದಿಮೂರು ವರ್ಷವಾದರೂ ಆ ಹೆಸರು ಬಿಡಲಿಲ್ಲ. ಸ್ಲಸ್ ದಂಪತಿ ಇರುವುದು ನನ್ನ ಮನೆಯಿಂದ ಎರಡು ಮನೆ ಆಚೆ. ಎಮ್ಮೆಟ್ ಮೊದಲು ಪೊಲೀಸರಿಗೆ ಫೋನ್ ಮಾಡಿದ್ದ, ಆಮೇಲೆ ನನಗೆ. ಅವರಿಗಿಂತ ನಾನೇ ಬೇಗ ಬಂದಿದ್ದೆ. ಅಂದು ಗುರುವಾರ, ಜನವರಿ ಒಂಬತ್ತು. ಮಧ್ಯಾಹ್ನ ಎರಡು ದಾಟಿ ಹತ್ತು ನಿಮಿಷ.

ಎಮ್ಮೆಟ್‌ನನ್ನು ಕುರ್ಚಿಗೆ ಕೂರಿಸಿ ಅಡುಗೆಮನೆಯನ್ನು ಒಮ್ಮೆ ನೋಡಿದೆ. ಕಂಡವರ ಮನೆಯಲ್ಲಿ ಕಣ್ಣಾಡಿಸುವುದು ಕೆಟ್ಟ ಚಾಳಿ. ನನಗಿದೆ. ಏನು ಮಾಡಲಿ?

ಮೇಜಿನ ಮೇಲೆ ಔಷಧದ ಅಂಗಡಿಯ ಬಿಳಿ ಪೊಟ್ಟಣ. ಅದಕ್ಕೆ ಚುಚ್ಚಿದ ರಸೀದಿಯಲ್ಲಿ ಸಮಯ: ಬೆಳಿಗ್ಗೆ ಹತ್ತು ನಲವತ್ತು. ಪಕ್ಕದಲ್ಲಿ ಎಮ್ಮೆಟ್ ಹೆಸರಿನ ಹೊಸ ಮಾತ್ರೆ ಡಬ್ಬಿ, ವರ್ನಾಳ ಕನ್ನಡಕ, ಮುಚ್ಚಳ ಹಾಕದ ನೀಲಿ ಪೆನ್ನು. ಫ್ರಿಜ್ಜಿನ ಬಾಗಿಲಲ್ಲಿ ಮೀನಿನ ಆಕಾರದ ಆಯಸ್ಕಾಂತ ಸೊಟ್ಟಗೆ ಅಂಟಿತ್ತು. ಅದರ ಕೆಳಗೆ ಏನೂ ಇರಲಿಲ್ಲ.

ಆ ಮೀನು ಬರಿಗೈಯಲ್ಲಿದ್ದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಅದರ ಕೆಳಗೆ ಸದಾ ಒಂದು ಹಳದಿ ಹಾಳೆ ಇರುತ್ತಿತ್ತು.

ಕಸದ ಬುಟ್ಟಿಯ ಮುಚ್ಚಳ ತೆಗೆದೆ. ಕಾಫಿ ಪುಡಿಯ ಮೇಲೆ ನಾಲ್ಕು ಹಳದಿ ಚೂರು.

* * *

ಆ ಹಾಳೆಯ ಕಥೆ ಹೇಳಿಬಿಡುತ್ತೇನೆ.

ಪ್ರತಿ ವರ್ಷ ಅಕ್ಟೋಬರ್ ಹದಿನೈದರಿಂದ ಡಿಸೆಂಬರ್ ಏಳರವರೆಗೆ ನಮ್ಮಂಥ ಮುದುಕರಿಗೆ ಒಂದು ಸುಗ್ಗಿ. ಮೆಡಿಕೇರ್, ಅಂದರೆ ಮುದುಕರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ, ಕೊಡದೆ ಬಿಟ್ಟದ್ದನ್ನು ತುಂಬುವ ಪೂರಕ ಪಾಲಿಸಿ ಇಟ್ಟುಕೊಳ್ಳಬೇಕೇ, ಅದನ್ನು ಬಿಟ್ಟು ಟಿವಿಯಲ್ಲಿ ತೋರಿಸುವ ಎಲ್ಲವೂ ಒಂದರಲ್ಲೇ ಇರುವ ಪ್ಲಾನಿಗೆ ಹೋಗಬೇಕೇ, ಮಾತ್ರೆಗಳಿಗೆ ಯಾವ ಪ್ಲಾನು – ಇದೆಲ್ಲ ಆ ಏಳೆಂಟು ವಾರದಲ್ಲೇ ತೀರ್ಮಾನವಾಗಬೇಕು. ನಾನು ಲೈಬ್ರರಿಯ ಕಿಟಕಿ ಪಕ್ಕ ಮೇಜು ಹಾಕಿಕೊಂಡು ಪುಕ್ಕಟೆ ಕೂರುತ್ತೇನೆ. ಬಂದವರಿಗೆ ಹಳದಿ ಹಾಳೆ ಕೊಡುತ್ತೇನೆ. ಅವರು ಮಾತ್ರೆಗಳ ಹೆಸರು ಬರೆದು ತರುತ್ತಾರೆ. ಒಂದೊಂದನ್ನೂ ಕಂಪ್ಯೂಟರಿಗೆ ಹಾಕಿ ಯಾವುದು ಒಳ್ಳೆಯದೆಂದು ಹೇಳುತ್ತೇನೆ.

ವರ್ನಾ ಮೂವತ್ತು ವರ್ಷ ಶಾಲೆಯ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವಳು. ಗಂಡನಿಗೆ ಒಂದು ಮಾತ್ರೆ ಹೆಚ್ಚಾದರೆ ಹಳೆಯ ಹಾಳೆಯ ಕೊನೆಗೆ ಗೀಚುವವಳಲ್ಲ. ಹೊಸ ಹಾಳೆ ತೆಗೆದು ಮೊದಲಿನಿಂದ ಬರೆಯುತ್ತಿದ್ದಳು, ಅಕ್ಷರಮಾಲೆಯ ಕ್ರಮದಲ್ಲಿ, ಹೊಸದನ್ನು ಅದರ ಜಾಗದಲ್ಲೇ ಕೂರಿಸಿ. ಹಳೆಯದನ್ನು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕುತ್ತಿದ್ದಳು. ಒಮ್ಮೆ ನಕ್ಕಿದ್ದೆ. "ಅಲ್ಲಿಲ್ಲಿ ಗೀಚಿದ್ರೆ ಅದು ಪಟ್ಟಿ ಅಲ್ಲ ಡಾಕ್, ಕೋಳಿ ಕೆದರಿದ ಕಸ" ಅಂದಿದ್ದಳು.

ಅಕ್ಟೋಬರಿನಲ್ಲಿ ಇಬ್ಬರೂ ನನ್ನ ಮೇಜಿಗೆ ಬಂದಿದ್ದರು. ಎಮ್ಮೆಟ್‌ಗೆ ಆಗ ಐದು ಮಾತ್ರೆ. ಪೂರಕ ಪಾಲಿಸಿಯನ್ನು ಜೀವ ಹೋದರೂ ಬಿಡಬೇಡಿ ಎಂದೆ. ಮೂರು ವಾರಕ್ಕೊಮ್ಮೆ ಪಿಟ್ಸ್‌ಬರ್ಗಿನ ದೊಡ್ಡ ಆಸ್ಪತ್ರೆಯಲ್ಲಿ ಅವನಿಗೆ ಡ್ರಿಪ್ ಏರಿಸುತ್ತಿದ್ದದ್ದು ಆ ಪಾಲಿಸಿಯ ಬಲದಿಂದ. ಮಾತ್ರೆಯ ಪ್ಲಾನು ಮಾತ್ರ ಬದಲಿಸಿದೆವು.

"ಬಿಡೋಕೆ ನನಗೇನು ತಲೆ ಕೆಟ್ಟಿದ್ಯಾ?" ಅಂದಿದ್ದಳು ವರ್ನಾ.

* * *

ಡಿಟೆಕ್ಟಿವ್ ರೋಸಾಲಿನ್ ಪೆಟ್ಕೊ ಬಂದಳು. ಕೌಂಟಿಯ ಷೆರಿಫ್ ಕಚೇರಿಯವಳು, ವಯಸ್ಸು ನಲವತ್ತರ ಆಸುಪಾಸು. ಚಿಕ್ಕಂದಿನಲ್ಲಿ ನನ್ನ ಅಂಗಡಿಯಿಂದ ಕೆಮ್ಮಿನ ಸಿಹಿಗುಳಿಗೆ ಕದಿಯುತ್ತಿದ್ದಳು. ಅದನ್ನು ಇಬ್ಬರೂ ಮರೆತಿಲ್ಲ.

"ಜಾರಿ ಬಿದ್ದಿರ್ಬೇಕು ಡಾಕ್."

"ಇಲ್ಲಮ್ಮ. ಅವಳಿಗೆ ಮಂಡಿ ನೋವು. ಎರಡು ವರ್ಷದಿಂದ ಕೆಳಗೆ ಇಳಿದವಳೇ ಅಲ್ಲ. ಬಟ್ಟೆ ಒಗೆಯೋ ಮಿಷನ್ನೂ ಎಮ್ಮೆಟ್ ಮೇಲಕ್ಕೆ ತಂದಿಟ್ಟ. ಈ ಬಾಗಿಲಿಗೆ ಚಿಲಕ ಹಾಕಿಸಿದ. ನೋಡು, ಎಷ್ಟು ಎತ್ತರದಲ್ಲಿದೆ."

ಅವಳು ಚಿಲಕ ನೋಡಿದಳು. ತೆಗೆದೇ ಇತ್ತು.

"ಬುಟ್ಟಿಯಲ್ಲಿ ಹಳದಿ ಚೂರುಗಳಿವೆ. ಅವನ್ನ ತಗೋ."

"ಕಸ ತಗೊಂಡು ಏನ್ಮಾಡ್ಲಿ?"

"ಹಳೇ ಪಟ್ಟಿ ಬುಟ್ಟಿಯಲ್ಲಿದೆ. ಹೊಸ ಪಟ್ಟಿ ಬರೆಯದೆ ಅವಳು ಹಳೇದನ್ನ ಹರಿಯಲ್ಲ. ಹೊಸದು ಎಲ್ಲಿ?"

"ಅಯ್ಯೋ, ಎಲ್ಲೋ ಇರುತ್ತೆ ಬಿಡಿ."

"ಇಲ್ಲ ಅಂತ ತಾನೇ ಹೇಳ್ತಿರೋದು! ತಗೋಮ್ಮ. ಸಿಹಿಗುಳಿಗೆ ಲೆಕ್ಕ ಚುಕ್ತಾ ಅಂದ್ಕೋ."

ಅವಳು ಕಣ್ಣು ತಿರುಗಿಸಿದಳು. ಆದರೂ ಚೂರುಗಳನ್ನು ಚೀಲಕ್ಕೆ ಹಾಕಿಕೊಂಡಳು.

ಮರುದಿನ ಶವಪರೀಕ್ಷೆಯ ವರದಿ ಬಂತು. ವರ್ನಾಳ ಎರಡೂ ತೋಳಿನಲ್ಲಿ ಬೆರಳಿನ ಗುರುತು. ಯಾರೋ ಹಿಡಿದು ತಳ್ಳಿದ್ದರು. ಜೀವ ಹೋದದ್ದು ಹನ್ನೊಂದೂವರೆಯಿಂದ ಒಂದರ ನಡುವೆ.

ಆಗ ಎಲ್ಲರೂ ಎಮ್ಮೆಟ್ ಕಡೆ ತಿರುಗಿದರು. ಬೇಲಿ ಆಚೆಯ ಟ್ವೈಲಾ ಆರ್ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದಳು. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಎಮ್ಮೆಟ್ ಕಿರುಚಿದ್ದು ಅವಳ ಕಿವಿಗೆ ಬಿದ್ದಿತ್ತು.

"ನನ್ನ ಸಾವಿಗೆ ನೀನೇ ಸಹಿ ಹಾಕ್ದೆ ಕಣೇ!"

* * *

ಶುಕ್ರವಾರ ಸಂಜೆ ಎಮ್ಮೆಟ್ ನನ್ನ ಮನೆಗೆ ಬಂದ. ತನ್ನ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ.

"ಕಿರುಚಿದ್ದು ನಿಜಾನಾ?" ಕೇಳಿದೆ.

"ನಿಜ."

"ಯಾಕೋ?"

ಮಂಗಳವಾರ ಇಬ್ಬರೂ ಆಸ್ಪತ್ರೆಗೆ ಹೋಗಿದ್ದರಂತೆ. ಕೌಂಟರಿನ ಹುಡುಗಿ ಕಾರ್ಡನ್ನು ಹಿಂದಕ್ಕೆ ತಳ್ಳಿದಳಂತೆ. ಜನವರಿ ಒಂದರಿಂದ ನಿಮ್ಮ ಪೂರಕ ಪಾಲಿಸಿ ರದ್ದಾಗಿದೆ. ನೀವು ಬೇರೆ ಪ್ಲಾನಿಗೆ ಸೇರಿದ್ದೀರಿ. ಆ ಪ್ಲಾನನ್ನು ಈ ಆಸ್ಪತ್ರೆ ಒಪ್ಪುವುದಿಲ್ಲ. ಡ್ರಿಪ್ ಏರಿಸದೆ ವಾಪಸು ಕಳಿಸಿದರು. ಬುಧವಾರ ಎದೆ ಡವಗುಟ್ಟಿತು. ಊರಿನ ಡಾಕ್ಟರು ಹೃದಯಕ್ಕೊಂದು ಹೊಸ ಮಾತ್ರೆ ಬರೆದುಕೊಟ್ಟರು.

"ಆಪರೇಷನ್ ಆದಾಗ ನನ್ನ ಪರವಾಗಿ ಸಹಿ ಹಾಕೋ ಅಧಿಕಾರಾನ ಅವಳಿಗೇ ಬರ್ಕೊಟ್ಟಿದ್ದೆ. ನಮ್ಮನ್ನ ಆ ಪ್ಲಾನಿಗೆ ಮತ್ಯಾರು ಸೇರಿಸ್ತಾರೆ ಹೇಳು? ಅವಳು 'ನಾನು ಹಾಕಿಲ್ಲ, ನಾನು ಹಾಕಿಲ್ಲ' ಅಂತಾನೇ ಇದ್ಲು. ನಾನು ನಂಬಲಿಲ್ಲ. ಕಿರುಚಿ ಎದ್ದು ಹೋದೆ."

"ಎಲ್ಲಿಗೆ?"

"ನದಿ ಹತ್ರ. ಕಾರಲ್ಲೇ ಕೂತಿದ್ದೆ."

"ಎರಡರವರೆಗೂ? ಯಾರಾದ್ರೂ ನೋಡಿದ್ರಾ?"

"ಬಾತುಕೋಳಿ ನೋಡಿದ್ವು."

ಇಬ್ಬರೂ ನಗಲಿಲ್ಲ.

"ಜೈಲಿಗೆ ಹಾಕ್ಲಿ ಡಾಕ್. ಹೇಗೂ ಡ್ರಿಪ್ ನಿಂತಿದೆ. ಆರು ತಿಂಗಳೋ, ಏಳು ತಿಂಗಳೋ. ಆದ್ರೆ ಒಂದು ಮಾತು ಹೇಳು. ಅವಳು ಸಹಿ ಹಾಕಿದ್ಲಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ನವೆಂಬರಿನಲ್ಲಿ ಅವಳು ವಿಮಾ ಏಜೆಂಟ್ ಲೋವೆಲ್ ಪ್ರೂಯಿಟ್ ಹಾಕಿಸಿದ ಊಟಕ್ಕೆ ಹೋಗಿದ್ದು ನನಗೆ ನೆನಪಿತ್ತು. ಊಟಕ್ಕೆ ಹೋಗಿ ಮನಸ್ಸು ಬದಲಿಸಿದವರನ್ನು ಬಹಳ ಮಂದಿ ಕಂಡಿದ್ದೇನೆ.

ಇನ್ನೊಂದು ಮಾತು ಅವನಿಗೆ ಹೇಳಲಿಲ್ಲ. ಗುರುವಾರ ಹನ್ನೊಂದು ಹತ್ತಕ್ಕೆ ವರ್ನಾ ನನಗೆ ಫೋನ್ ಮಾಡಿದ್ದಳು. ನಾನು ಹೋಟೆಲಿನಲ್ಲಿ ಕೂತು ಹರಟೆ ಹೊಡೆಯುತ್ತಿದ್ದೆ. ಫೋನು ಗೂಟಕ್ಕೆ ನೇತುಹಾಕಿದ್ದ ಕೋಟಿನ ಜೇಬಿನಲ್ಲಿತ್ತು.

* * *

ಲೋವೆಲ್ ಪ್ರೂಯಿಟ್ ನಮ್ಮೂರಿನ ವಿಮಾ ಏಜೆಂಟ್. ಚರ್ಚಿನಲ್ಲಿ ಹಿರಿಯ. ಪ್ರತಿ ನವೆಂಬರಿನಲ್ಲಿ ಚರ್ಚಿನ ಸಭಾಂಗಣದಲ್ಲಿ ಮುದುಕರಿಗೆ ಊಟ ಹಾಕಿಸುತ್ತಾನೆ. ಕುಂಬಳಕಾಯಿ ಪೈ, ಕಾಫಿ, ಅವನ ಹೆಸರಿನ ಪೆನ್ನು. ಕೊನೆಗೆ ಟರ್ಕಿ ಕೋಳಿಯ ಲಾಟರಿ ಎತ್ತುತ್ತಾನೆ. ಪ್ರತಿ ಸಲವೂ ಅದೇ ಭಾಷಣ: "ಅಮ್ಮಂದಿರಾ, ಅಪ್ಪಂದಿರಾ, ಮಾತ್ರೆ ಪಟ್ಟಿ ಪೂರ್ತಿ ಕೊಡಿ. ಒಂದು ಮಾತ್ರೆ ಬಿಟ್ರೂ ಎಲ್ಲ ತಲೆಕೆಳಗು!"

ಶನಿವಾರ ಅವನು ತಾನಾಗಿಯೇ ಪೆಟ್ಕೊಳ ಕಚೇರಿಗೆ ಹೋಗಿ ಕಡತ ಕೊಟ್ಟ. ಓದಿ ಅರ್ಥ ಹೇಳಲು ಅವಳು ನನ್ನನ್ನು ಕರೆಸಿದಳು.

"ಪಾಪ, ಅತ್ತೇಬಿಟ್ಟ ಡಾಕ್. ನವೆಂಬರ್ ಇಪ್ಪತ್ತಕ್ಕೆ ವರ್ನಾ ಅವನ ಆಫೀಸಿಗೆ ಬಂದು ಇಬ್ಬರದ್ದೂ ಸಹಿ ಹಾಕಿದ್ಲಂತೆ. ಗಂಡನಿಗೆ ಹೇಳ್ಬೇಡ ಅಂದಿದ್ಲಂತೆ."

"ಗುರುವಾರ ಅವಳು ಅವನಿಗೆ ಫೋನ್ ಮಾಡಿದ್ಲಾ?"

"ಹನ್ನೊಂದಕ್ಕೆ ಐದು ನಿಮಿಷ ಇರುವಾಗ. ಅವನು ಹೊರಗಿದ್ನಂತೆ, ಸಂದೇಶ ಮಿಷನ್ನಿಗೆ ಹೋಯ್ತಂತೆ. ಆ ಮನೆಗೆ ಕಾಲಿಟ್ಟು ವರ್ಷವಾಯ್ತು ಅಂದ."

ಎಮ್ಮೆಟ್‌ಗೆ ಉರುಳು ಬಿಗಿಯಾಗುತ್ತಿತ್ತು. ಹೆಂಡತಿ ಕದ್ದು ಸಹಿ ಹಾಕಿದಳು, ಗಂಡ ಸಿಟ್ಟಿಗೆದ್ದು ತಳ್ಳಿದ. ಇಡೀ ಕಥೆ ಕಡತದಲ್ಲೇ ಇತ್ತು. ಸೋಮವಾರ ಹೂಳುವುದು ಮುಗಿದ ಮೇಲೆ ಬಂಧಿಸುತ್ತೇನೆ ಎಂದಳು ಪೆಟ್ಕೊ.

ಕಡತ ತಿರುವಿದೆ. ಅರ್ಜಿ. ಸಹಿ. ಅಧಿಕಾರಪತ್ರದ ನಕಲು. ಕೊನೆಯಲ್ಲಿ ಒಂದು ಹಳದಿ ಹಾಳೆ.

ವರ್ನಾಳ ಅಕ್ಷರ, ಮುತ್ತಿನ ಸಾಲಿನಂತೆ. ದಿನಾಂಕದ ಖಾನೆಯಲ್ಲಿ ಮಾತ್ರ ಬೇರೆ ಕೈಬರಹ: ನವೆಂಬರ್ 20. ಅವಳು ಯಾವತ್ತೂ ದಿನಾಂಕ ಹಾಕುತ್ತಿರಲಿಲ್ಲ. ಫ್ರಿಜ್ಜಿನ ಮೇಲಿರುವುದಕ್ಕೆ ಯಾಕೆ ದಿನಾಂಕ ಅನ್ನುತ್ತಿದ್ದಳು.

ಅಭ್ಯಾಸಬಲದಿಂದ ಓದತೊಡಗಿದೆ. ಮೊದಲನೆಯದು ಕೊಲೆಸ್ಟರಾಲಿಗೆ, ಅಟೊರ್ವಾಸ್ಟಾಟಿನ್. ಎರಡನೆಯದು ಡಿಜಾಕ್ಸಿನ್. ಮೂರನೆಯದು...

ನಿಲ್ಲಿಸಿದೆ. ಬೆರಳಿಟ್ಟು ಎಣಿಸಿದೆ. ಆರು.

"ಪೆಟ್ಕೊ, ಆ ಕಸದ ಚೂರುಗಳು ಎಲ್ಲಿ?"

ಚೂರುಗಳನ್ನು ಮೇಜಿನ ಮೇಲೆ ಜೋಡಿಸಿದೆವು. ಐದು.

ಔಷಧದ ಅಂಗಡಿಗೆ ಫೋನ್ ಹಾಕು ಎಂದೆ. ಹಾಕಿದಳು. ಕೇಳಿಸಿಕೊಂಡಳು. ನಿಧಾನವಾಗಿ ಫೋನ್ ಇಟ್ಟಳು.

"ಡಾಕ್, ಈಗ್ಲೇ ಹೋಗಿ ಲೋವೆಲ್‌ನ ಹಿಡಿದ್ರೆ 'ಆ ಹಾಳೆ ಎಲ್ಲಿಂದ ಬಂತೋ ಗೊತ್ತಿಲ್ಲ' ಅಂತಾನೆ. ಅದು ಹೇಗೆ ಬಂತು ಅನ್ನೋದನ್ನ ಮೊದಲು ಅವನ ಬಾಯಿಂದಲೇ ಹೇಳಿಸ್ಬೇಕು. ನಾಲ್ಕು ಜನರ ಎದುರಿಗೆ."

"ಮಾತಾಡ್ಸೋದು ನನಗೆ ಬಿಡು. ನನಗೆ ಬರೋದು ಅದೊಂದೇ."

* * *

ಸೋಮವಾರ ವರ್ನಾಳನ್ನು ಹೂತು ಬಂದೆವು. ಆಮೇಲೆ ಚರ್ಚಿನ ನೆಲಮಾಳಿಗೆಯ ಸಭಾಂಗಣದಲ್ಲಿ ಊಟ. ಹಂದಿ ಮಾಂಸ, ಚೀಸು ಹಾಕಿ ಬೇಯಿಸಿದ ಆಲೂಗಡ್ಡೆ, ಹಸಿರು ಜೆಲ್ಲಿ. ಎಮ್ಮೆಟ್ ಮೂಲೆಯಲ್ಲಿದ್ದ. ಅವನ ಮೇಜಿಗೆ ಯಾರೂ ಹೋಗಿರಲಿಲ್ಲ. ಟ್ವೈಲಾ ಅಂತೂ ತಟ್ಟೆ ಹಿಡಿದು ದೂರದಿಂದ ಸುತ್ತು ಹಾಕಿ ನಡೆದಳು.

ಲೋವೆಲ್ ಕಾಫಿ ಬಡಿಸುತ್ತಿದ್ದ. ನಾನು ಲೋಟ ಚಾಚಿದೆ.

"ಒಳ್ಳೆ ಕೆಲಸ ಮಾಡ್ದೆ ಲೋವೆಲ್, ಕಡತ ಕೊಟ್ಟು."

"ಕರ್ತವ್ಯ ಡಾಕ್. ಮನಸ್ಸಿಗೆ ಮಾತ್ರ ಬಹಳ ಭಾರ."

"ಆ ಮಾತ್ರೆ ಪಟ್ಟಿ ನೋಡಿದೆ. ಎಂಥ ಅಕ್ಷರ ಅವಳದು! ನಿನ್ನ ಎದುರಿಗೇ ಬರೆದ್ಲಾ?"

"ನನ್ನ ಮೇಜಿನ ಮೇಲೇ. ಒಂದೊಂದೇ ಹೇಳ್ಕೊಂಡು ಬರೆದ್ಲು."

"ನವೆಂಬರಲ್ಲಿ."

"ಇಪ್ಪತ್ತನೇ ತಾರೀಖು."

"ಆಮೇಲೆ ಅದಕ್ಕೆ ಏನಾದ್ರೂ ಸೇರಿಸ್ದೆಯಾ? ನಮ್ಮಂಥ ಮುದುಕ್ರಿಗೆ ದಿನಕ್ಕೊಂದು ಮಾತ್ರೆ ಬದಲಾಗುತ್ತೆ."

ಅವನಿಗೆ ಸ್ವಲ್ಪ ಅವಮಾನವಾಯಿತು. ಕಸುಬಿನ ಮಾತಲ್ಲವೇ.

"ಡಾಕ್, ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಅವಳು ಬರೆದದ್ದು ಬರೆದ ಹಾಗೇ ಇದೆ. ಅವತ್ತಿಂದ ನನ್ನ ಕಪಾಟಿನಲ್ಲಿ ಬೀಗದೊಳಗಿತ್ತು."

ಪೆಟ್ಕೊ ಅವನ ಹಿಂದೆ ಬಂದು ನಿಂತಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಹಳದಿ ಹಾಳೆ.

"ಎರಡನೇ ಸಾಲು ಓದು ಲೋವೆಲ್," ಎಂದೆ.

ಓದಿದ. "ಡಿಜಾಕ್ಸಿನ್. ಅದಕ್ಕೇನು?"

"ಆ ಮಾತ್ರೆಯನ್ನ ಡಾಕ್ಟರು ಎಮ್ಮೆಟ್‌ಗೆ ಬರೆದುಕೊಟ್ಟದ್ದು ಹೋದ ಬುಧವಾರ. ವರ್ನಾ ಅಂಗಡಿಯಿಂದ ತಂದದ್ದು ಗುರುವಾರ ಹತ್ತು ನಲವತ್ತಕ್ಕೆ. ಅದಕ್ಕಿಂತ ಮುಂಚೆ ಅವನು ಅದನ್ನ ಕಣ್ಣಲ್ಲಿ ನೋಡಿದವನೇ ಅಲ್ಲ. ನವೆಂಬರಲ್ಲಿ ಅವಳು ನಿನ್ನ ಮೇಜಿನ ಮೇಲೆ ಅದನ್ನ ಹೇಗಪ್ಪಾ ಬರೆದ್ಲು?"

ಪಕ್ಕದ ಮೇಜಿನವರು ತಿರುಗಿ ನೋಡಿದರು.

"ಫೋನಲ್ಲಿ... ಫೋನಲ್ಲಿ ಹೇಳಿದ್ಲು. ನಾನೇ ಸೇರಿಸ್ದೆ."

"ಬರೆದ ಹಾಗೇ ಇದೆ ಅಂದ್ರಲ್ಲ ಈಗ," ಎಂದಳು ಪೆಟ್ಕೊ. "ಫೋನು ಮಿಷನ್ನಿಗೆ ಹೋಯ್ತು ಅಂತಾನೂ ಅಂದಿದ್ರಿ. ಅಲ್ಲದೆ ಇದು ಅವಳ ಅಕ್ಷರ, ಅವಳ ಮೇಜಿನ ಮೇಲಿದ್ದ ಪೆನ್ನಿನ ಶಾಯಿ. ಹಳೇ ಪಟ್ಟಿ ಅವಳ ಕಸದ ಬುಟ್ಟಿಯಲ್ಲಿ ಸಿಕ್ತು. ಅದರಲ್ಲಿ ಐದೇ ಮಾತ್ರೆ. ಹೊಸದನ್ನ ಬರೆದು ಮೀನಿನ ಕೆಳಗೆ ಸಿಕ್ಕಿಸಿದ್ದು ಗುರುವಾರ ಹತ್ತು ನಲವತ್ತರ ಮೇಲೆ. ಅವಳು ಸತ್ತಿದ್ದು ಮಧ್ಯಾಹ್ನ ಒಂದಕ್ಕಿಂತ ಮುಂಚೆ. ಡಾಕ್ ಬರೋದ್ರೊಳಗೆ ಅದನ್ನ ಯಾರೋ ಕಿತ್ಕೊಂಡು ಹೋಗಿದ್ರು. ಅದು ನಿಮ್ಮ ಕಡತದಲ್ಲಿ ಸಿಕ್ತು."

ಲೋವೆಲ್ ಕಾಫಿ ಪಾತ್ರೆಯನ್ನು ಕೆಳಗಿಟ್ಟ.

"ಅವಳು ರಾಜ್ಯದ ವಿಮಾ ಇಲಾಖೆಗೆ ಫೋನ್ ಮಾಡ್ತೀನಿ ಅಂದ್ಲು. ಫೋನು ನೆಲಮಾಳಿಗೆ ಬಾಗಿಲ ಪಕ್ಕದ ಗೋಡೆ ಮೇಲಿತ್ತು. ನಾನು ಬರೀ ತಡೆದೆ. ತೋಳು ಹಿಡ್ಕೊಂಡೆ, ಅಷ್ಟೇ. ಅವಳೇ ಜಾರಿದ್ಲು."

"ನೆಲಮಾಳಿಗೆ ಬಾಗಿಲಿಗೆ ಚಿಲಕ ಇತ್ತು," ಎಂದಳು ಪೆಟ್ಕೊ. "ನನ್ನ ತಲೆಗಿಂತ ಎತ್ತರದಲ್ಲಿ. ಅದನ್ನ ಯಾರು ತೆಗೆದ್ರು?"

ಅವಳು ಅವನ ಕೈಗೆ ಕೋಳ ತೊಡಿಸಿ ಮೆಟ್ಟಿಲು ಹತ್ತಿಸಿದಳು.

* * *

ಉಳಿದದ್ದೆಲ್ಲ ಅವನ ಕಪಾಟಿನಲ್ಲಿ ಸಿಕ್ಕಿತು. ಟರ್ಕಿ ಕೋಳಿ ಲಾಟರಿಯ ಚೀಟಿಯಲ್ಲಿ ಹೆಸರು, ಮೆಡಿಕೇರ್ ಕಾರ್ಡಿನ ನಂಬರು, ಸಹಿ ಬರೆಸಿಕೊಳ್ಳುತ್ತಿದ್ದ. ಗಂಡ ಹೆಂಡತಿ ಇಬ್ಬರದ್ದೂ ಬರೆದರೆ ಎರಡು ಚೀಟಿ. ಆ ಸಹಿ ನೋಡಿ ಅರ್ಜಿಯ ಮೇಲೆ ನಕಲು ಹಾಕುತ್ತಿದ್ದ. ಅಧಿಕಾರಪತ್ರದ ನಕಲು ಹಳೆಯ ವಿಮೆಯ ಕಡತದಲ್ಲೇ ಇತ್ತು. ಪ್ಲಾನಿಗೆ ಸೇರಿಸಿದ ತಲೆಗೊಂದು ಕಮಿಷನ್. ಹೀಗೆ ಹದಿನಾಲ್ಕು ಮಂದಿಯನ್ನು ಸೇರಿಸಿದ್ದ. ಉಳಿದವರಿಗೆ ಇನ್ನೂ ದೊಡ್ಡ ಕಾಯಿಲೆ ಬಂದಿರಲಿಲ್ಲ, ಹಾಗಾಗಿ ಗೊತ್ತಾಗಿರಲಿಲ್ಲ. ಹೊಸ ಕಾರ್ಡು ಅಂಚೆಯಲ್ಲಿ ಬಂದಾಗ, ಆ ತಿಂಗಳ ರಾಶಿ ಜಾಹೀರಾತುಗಳ ಜೊತೆ ಅದನ್ನೂ ಬುಟ್ಟಿಗೆ ಹಾಕಿದ್ದರು. ನಾವೆಲ್ಲ ಮಾಡುವುದು ಅದನ್ನೇ.

ವರ್ನಾ ಅವನನ್ನು ಮನೆಗೆ ಕರೆಸಿ, ಸಹಿ ತನ್ನದಲ್ಲ ಎಂದು ಅವನ ಮುಖಕ್ಕೇ ಹೇಳಿದ್ದಳು. ಅವಳನ್ನು ಕೊಂದ ಮೇಲೆ ಅವನಿಗೆ ಭಯ ಹತ್ತಿತು. ಕಡತದಲ್ಲಿ ಅವಳ ನಿಜವಾದ ಕೈಬರಹ ಒಂದೂ ಇಲ್ಲ. ಎದುರಿಗೆ ಫ್ರಿಜ್ಜಿನ ಮೇಲೆ ಹಾಳೆ. ದೇವರೇ ಕೊಟ್ಟ ಸಾಕ್ಷಿ ಅಂದುಕೊಂಡ. ಬೇರೆ ಯಾರ ಮನೆಯ ಪಟ್ಟಿಯಾಗಿದ್ದರೂ ಹೊಸ ಮಾತ್ರೆ ಕೊನೆಯಲ್ಲಿ, ಬೇರೆ ಶಾಯಿಯಲ್ಲಿ ಗೀಚಿರುತ್ತಿತ್ತು. ಅವನ ಕಣ್ಣಿಗೆ ಬೀಳುತ್ತಿತ್ತು, ಹರಿದು ಹಾಕುತ್ತಿದ್ದ. ವರ್ನಾ ಅದನ್ನು ಎರಡನೇ ಸಾಲಿನಲ್ಲಿ, ಅದರ ಜಾಗದಲ್ಲಿ ಕೂರಿಸಿದ್ದಳು. ಅವನಿಗೆ ಹೊಸದು ಹಳೆಯದು ಗೊತ್ತಾಗಲಿಲ್ಲ.

ಸಭಾಂಗಣ ಖಾಲಿಯಾದ ಮೇಲೆ ನಾನು ಮೂಲೆಯ ಮೇಜಿಗೆ ಹೋಗಿ ಕೂತೆ. ಎಮ್ಮೆಟ್ ತಲೆ ಎತ್ತಲಿಲ್ಲ.

"ಸಹಿ ಸುಳ್ಳು ಅಂತ ಆದ ಮೇಲೆ ಹಳೇ ಪಾಲಿಸಿ ವಾಪಸ್ ಸಿಗುತ್ತೆ. ಡ್ರಿಪ್ ಶುರುವಾಗುತ್ತೆ. ಕಾಗದ ಪತ್ರ ನಾನು ನೋಡ್ಕೋತೀನಿ."

"ಹಂಗಾದ್ರೆ ಅವಳು ಹಾಕಿರ್ಲಿಲ್ಲ."

"ಇಲ್ಲ ಕಣೋ."

"ಹೇಳ್ತಾನೇ ಇದ್ಲು."

"ಹ್ಞೂಂ."

"ನಾನು ಕೊನೇಗೆ ಆಡಿದ ಮಾತು ಏನು ಗೊತ್ತಲ್ಲ ನಿನಗೆ."

ಗೊತ್ತಿತ್ತು. ಬೇಲಿ ಆಚೆಯವರಿಗೂ ಗೊತ್ತಿತ್ತು.

ಫೆಬ್ರವರಿಯಲ್ಲಿ ಡ್ರಿಪ್ ಮತ್ತೆ ಶುರುವಾಯಿತು. ಅಕ್ಟೋಬರ್ ಹದಿನೈದಕ್ಕೆ, ಸುಗ್ಗಿಯ ಮೊದಲ ದಿನವೇ, ಎಮ್ಮೆಟ್ ಲೈಬ್ರರಿಗೆ ಬಂದ. ಮೈ ಅರ್ಧ ಇಳಿದಿತ್ತು. ಹಳದಿ ಹಾಳೆಯನ್ನು ನನ್ನ ಮುಂದಿಟ್ಟ. ಗಾಜಿನ ಕಾರ್ಖಾನೆಯಲ್ಲಿ ದುಡಿದ ಒರಟು ಕೈಯ ಸೊಟ್ಟ ಅಕ್ಷರ. ಎಂಟು ಮಾತ್ರೆ. ಒಂದು ಕಾಟೂ ಇಲ್ಲ, ಒಂದು ತಿದ್ದೂ ಇಲ್ಲ, ಎಲ್ಲವೂ ಅಕ್ಷರಮಾಲೆಯ ಕ್ರಮದಲ್ಲಿ.

"ಎಷ್ಟು ಹಾಳೆ ಹರಿದೆ?" ಕೇಳಿದೆ.

"ಒಂಬತ್ತು," ಎಂದ. "ಓದು."